ಹನ್ನೊಂದು ವಾರಗಳ ಮೀನು

ಪ್ರಯೋಗಾಲಯದ ಹಳೆಯ ಫ್ರೀಜರ್ ಕೈಕೊಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ತೆಪ್ಪಗೆ ಕೂತಿರಬೇಕಾದದ್ದು ಐವತ್ತಕ್ಕೆ ಏರಿ, ಇಡೀ ಮಹಡಿಗೆ ಕೇಳುವಂತೆ ಕೂಗಿಕೊಳ್ಳುತ್ತಿತ್ತು. ನಿರ್ದೇಶಕಿ ಬಂದರು, ಕಿವಿಗೆ ಬೆರಳಿಟ್ಟುಕೊಂಡು ಒಂದು ಸುತ್ತು ನೋಡಿದರು, “ಶುಕ್ರವಾರದೊಳಗೆ ಖಾಲಿ ಆಗ್ಬೇಕು. ಬೇಕಾಗಿರೋದು ಹೊಸ ಫ್ರೀಜರಿಗೆ, ಬೇಡದ್ದು ಸುಡೋದಕ್ಕೆ,” ಎಂದು ಹೇಳಿ ಸಭೆಗೆ ಹೊರಟುಹೋದರು. ದೊಡ್ಡವರು ಹಾಗೇ, ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂಬ ತಲೆನೋವು ಕೆಳಗಿನವರ ಪಾಲಿಗೆ. ಈ ಸಲ ಅದು ಲಿವರ್ ಅಕ್ಕನ ಕೊರಳಿಗೆ ಬಿತ್ತು.

ಇಪ್ಪತ್ತನಾಲ್ಕು ವರ್ಷದಿಂದ ಮೀನಿನ ಹೊಟ್ಟೆ ಸೀಳಿ ಲಿವರ್ ತೆಗೆಯುವುದೇ ಅವಳ ಕಸುಬಾದ್ದರಿಂದ ಯಾರೋ ಇಟ್ಟ ಹೆಸರದು. ಇಟ್ಟವರು ನಿವೃತ್ತರಾಗಿ ಮನೆ ಸೇರಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಅವಳಿಗೂ ಬೇಸರವಿರಲಿಲ್ಲ. ಬಾಯ್ತುಂಬ ಅಕ್ಕಾ ಎಂದು ಕರೆಯಬೇಕಾದವಳು ಕರೆಯುವುದನ್ನು ಬಿಟ್ಟ ಮೇಲೆ, ಲಿವರ್ ಅಂಟಿಸಿಕೊಂಡಾದರೂ ಆ ಶಬ್ದ ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತದಲ್ಲ ಎಂದುಕೊಳ್ಳುತ್ತಿದ್ದಳು.

ದಪ್ಪ ಕೈಗವಸು ಹಾಕಿಕೊಂಡು ಮೇಲಿನ ಖಾನೆಗಳನ್ನು ಅವಳು ಸರಸರನೆ ಖಾಲಿ ಮಾಡಿದಳು. ಎಲ್ಲಕ್ಕಿಂತ ಕೆಳಗಿನ ಖಾನೆಯ ಮುಂದೆ ಮಂಡಿಯೂರಿ ಕೂತಾಗ ಕೈ ಓಡಲಿಲ್ಲ. ಅಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಎಂಟು ವರ್ಷದಿಂದ ಗೊತ್ತಿತ್ತು. ಬಿಳಿ ಚೀಲದಲ್ಲಿ ಹನ್ನೊಂದು ಕಟ್ಟು ಮೀನು, ಪ್ರತಿಯೊಂದರ ಮೇಲೂ ಅವಳದೇ ದುಂಡು ಅಕ್ಷರದಲ್ಲಿ ವಾರದ ಸಂಖ್ಯೆ. ಪರೀಕ್ಷೆಗೆ ಲಿವರಿನ ಒಂದು ಚೂರು ತೆಗೆದಾದ ಮೇಲೆ ಉಳಿದ ಲಿವರನ್ನೂ ಮೈಯನ್ನೂ ಆಮೇಲೆ ನೋಡೋಣ ಎಂದು ಎತ್ತಿಟ್ಟಿದ್ದು. ಆ ಆಮೇಲೆ ಬಂದೇ ಇರಲಿಲ್ಲ. ಬರದ ಹಾಗೆ ನೋಡಿಕೊಂಡವಳು ಅವಳೇ ಎಂದು ಹೇಳಿದರೆ ಸುಳ್ಳಾಗದು.

ಆ ಮೀನು ಹಿಡಿದವನು ಅವಳ ತಂಗಿಯ ಗಂಡ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದಕ್ಕೇ ಮನೆಯಲ್ಲಿ ಅವನನ್ನು ಮೌನಿ ಎನ್ನುತ್ತಿದ್ದರು. ಊರ ಕೆರೆಯಲ್ಲಿ ಅವನ ಬಲೆ ಇತ್ತು. ಪ್ರತಿ ಮಂಗಳವಾರ ಆರು ಮೀನನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತಂದುಕೊಟ್ಟು, ಸಹಿ ಹಾಕಿಸಿಕೊಂಡು, ಮಿಕ್ಕಿದ್ದನ್ನು ಮಾರುಕಟ್ಟೆಗೆ ಒಯ್ಯುತ್ತಿದ್ದ. ಮಾರದೆ ಉಳಿದದ್ದು ಮನೆಗೆ. ಕೆರೆಯ ತಲೆಯ ಕಡೆ ಒಂದು ಬ್ಯಾಟರಿ ಕಾರ್ಖಾನೆ ಇತ್ತು. ಅದರ ಕೊಳಚೆ ನೀರು ರಾತ್ರೋರಾತ್ರಿ ಕೆರೆ ಸೇರುತ್ತಿದೆ ಎಂಬ ಗುಸುಗುಸು ಶುರುವಾದ ವರ್ಷ ಅದು.

ಆ ವರ್ಷದ ಮೊದಲ ವಾರದ ಲಿವರಿನಲ್ಲೇ ಕ್ಯಾಡ್ಮಿಯಂ ಎಂಬ ವಿಷಲೋಹ ಸಿಕ್ಕಿತು. ಸ್ವಲ್ಪ ಅಲ್ಲ, ಯಂತ್ರದ ಮುಂದೆ ಕೂತವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡುವಷ್ಟು. ಆದರೆ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿತ್ತು: ವರದಿಗೆ ಮೂರು ಸಹಿ ಬೀಳುವ ತನಕ ಒಳಗಿನ ಸುದ್ದಿ ಹೊರಗೆ ಹೋಗಕೂಡದು. ಅಂಗಡಿಯವನೊಬ್ಬನಿಗೆ ಬಾಯಿ ಬಿಟ್ಟ ತಪ್ಪಿಗೆ ಒಬ್ಬ ಗುಮಾಸ್ತನನ್ನು ಹಿಂದಿನ ವರ್ಷವಷ್ಟೇ ಮನೆಗೆ ಕಳಿಸಿದ್ದರು. ಮೊದಲ ಸಹಿ ಬಿತ್ತು, ಎರಡನೆಯದು ತಿರುಗಾಡಿತು, ಮೂರನೆಯದಕ್ಕೆ ಇಲಾಖೆಯವರು ಇನ್ನಷ್ಟು ಮೀನು ಕೇಳಿದರು. ಹೀಗೆ ಹನ್ನೊಂದು ವಾರ.

ಆ ಹನ್ನೊಂದು ಭಾನುವಾರವೂ ಲಿವರ್ ಅಕ್ಕ ಎಂದಿನಂತೆ ತಂಗಿಯ ಮನೆಗೆ ಊಟಕ್ಕೆ ಹೋದಳು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರಲ್ಲ. ತಂಗಿ ಹುರಿದ ಮೀನು ಬಡಿಸುತ್ತಿದ್ದಳು. ಮೌನಿ ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುಳ್ಳು ಒಂದೊಂದಾಗಿ ತೆಗೆದು, ಬೆರಳ ತುದಿಯಲ್ಲಿ ಚೂರು ಚೂರಾಗಿ ಅವಳ ಬಾಯಿಗಿಡುತ್ತಿದ್ದ. ಅಕ್ಕ ತನ್ನ ತಟ್ಟೆಯ ಮೀನನ್ನು ಮೆಲ್ಲಗೆ ಅಂಚಿಗೆ ಸರಿಸುತ್ತಿದ್ದಳು. “ಯಾಕೆ?” ಎಂದು ತಂಗಿ ಕೇಳಿದರೆ, “ಹೊಟ್ಟೆ ಸರಿ ಇಲ್ಲ ಕಣೇ.” ತಂಗಿ ಪಾಪ, ಎದ್ದು ಹೋಗಿ ನೀರು ಕಾಯಿಸಿ ತರುತ್ತಿದ್ದಳು. ಆ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ ಅಕ್ಕ ಮಗುವಿನ ಬಾಯನ್ನೇ ನೋಡುತ್ತ ಕೂರುತ್ತಿದ್ದಳು. ಹೇಳಿಬಿಡಬೇಕು ಎನ್ನಿಸುತ್ತಿತ್ತು. ಮಾತು ಗಂಟಲಿನವರೆಗೆ ಬರುತ್ತಿತ್ತು, ಗುಮಾಸ್ತನ ಖಾಲಿ ಕುರ್ಚಿ ನೆನಪಾಗುತ್ತಿತ್ತು, ಮಾತು ಬಿಸಿನೀರಿನ ಜೊತೆ ಕೆಳಗಿಳಿಯುತ್ತಿತ್ತು.

ಮೂರನೆಯ ಸಹಿ ಬಿದ್ದ ಮರುದಿನ ಕೆರೆಯ ದಂಡೆಯಲ್ಲಿ ಫಲಕ ನೆಟ್ಟರು. ಮೀನು ಹಿಡಿಯುವುದು, ಮಾರುವುದು, ತಿನ್ನುವುದು ನಿಷೇಧ. ಎಂದಿನಿಂದ ಪರೀಕ್ಷೆ ನಡೆದಿದೆ ಎಂಬ ತಾರೀಖನ್ನೂ ಕಾನೂನಿನ ಪ್ರಕಾರ ಬರೆದಿದ್ದರು. ಅಂದು ಮಧ್ಯಾಹ್ನ ತಂಗಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಪ್ರಯೋಗಾಲಯದ ಗೇಟಿಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. “ಹೊಟ್ಟೆ ಈಗ ಸರಿಹೋಯ್ತಾ ಅಕ್ಕಾ?” ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯದೆ ತಿರುಗಿ ನಡೆದಳು. ತಿಂಗಳೊಳಗೆ ಮನೆ ಖಾಲಿಯಾಯಿತು. ಮೌನಿಗೆ ಮೂರು ಗಂಟೆ ದಾರಿಯ ಇನ್ನೊಂದು ಊರಲ್ಲಿ ಮಂಜುಗಡ್ಡೆ ಕಾರ್ಖಾನೆಯ ಕೆಲಸ ಸಿಕ್ಕಿತೆಂದು ಚಿಕ್ಕಮ್ಮನಿಂದ ಗೊತ್ತಾಯಿತು.

ಕಾರ್ಖಾನೆಗೆ ಬೀಗ ಬಿತ್ತು. ಐದನೇ ವರ್ಷ ಕೆರೆಯ ನಿಷೇಧವೂ ತೆರವಾಯಿತು. ಇನ್ನು ಬರುತ್ತಾರೆ ಎಂದು ಅಕ್ಕ ಆಸೆಪಟ್ಟಳು, ಬರಲಿಲ್ಲ. ಕೆರೆ ಬಿಟ್ಟು ಹೋದವರಾಗಿದ್ದರೆ ಕೆರೆಗೆ ವಾಪಸಾಗುತ್ತಿದ್ದರು. ಅವರು ಅವಳನ್ನು ಬಿಟ್ಟು ಹೋಗಿದ್ದರು.

ಅವಳ ಹಂಬಲ ಎಂಥದ್ದು ಎಂದರೆ, ಬಸ್ಸಿನಲ್ಲಿ ಯಾರೋ ಯಾರನ್ನೋ ಅಕ್ಕಾ ಎಂದು ಕರೆದರೆ ಐವತ್ತರ ಹತ್ತಿರದ ಈ ಹೆಂಗಸು ಥಟ್ಟನೆ ತಿರುಗಿ ನೋಡುತ್ತಿದ್ದಳು. ಫೋನಿನಲ್ಲಿ ತಂಗಿಯ ನಂಬರಿನ ಕೊನೆಯ ಅಂಕಿ ಒಂದನ್ನು ಉಳಿಸಿ ಉಳಿದದ್ದೆಲ್ಲ ಒತ್ತಿ, ನೋಡುತ್ತ ಕೂತು, ಅಳಿಸಿಬಿಡುತ್ತಿದ್ದಳು. ಅಮ್ಮ ಹೋದಾಗ ತಂಗಿಗೆ ಎಂಟು ವರ್ಷ. ತಲೆ ಬಾಚಿ, ಲಂಗದ ಅಂಚು ಬಿಚ್ಚಿ ಉದ್ದ ಮಾಡಿ, ಜ್ವರದಲ್ಲಿ ರಾತ್ರಿಯಿಡೀ ಕಾಲೊತ್ತಿ ಬೆಳೆಸಿದವಳು ಅವಳು. ಅಕ್ಕನ ಪಾಲಿಗೆ ಮಗಳೂ ಅವಳೇ, ತಂಗಿಯೂ ಅವಳೇ, ಗೆಳತಿಯೂ ಅವಳೇ. ಆ ಒಬ್ಬಳು ಇಲ್ಲದ ಮೇಲೆ ಮನೆಯಲ್ಲಿ ಜಗಳವಾಡಲೂ ಜನವಿರಲಿಲ್ಲ. ಚಿಕ್ಕಮ್ಮ ಫೋನಿನಲ್ಲಿ, “ಮಗು ಶಾಲೆಗೆ ಹೋಗ್ತಿದೆಯಂತೆ, ಎತ್ತರ ಬೆಳೆದಿದೆಯಂತೆ,” ಎಂದರೆ, “ಹೌದಾ,” ಎಂದು ತಣ್ಣಗೆ ಅಂದು, ಫೋನಿಟ್ಟ ಮೇಲೆ ಆ ಎತ್ತರವನ್ನು ಗೋಡೆಯ ಮೇಲೆ ಅಂದಾಜು ಮಾಡಿ ನೋಡುತ್ತಿದ್ದಳು.

ಹಾಗಾದರೆ ಹೋಗಿ ಕಾಲು ಹಿಡಿಯಬಾರದಿತ್ತೇ ಎಂದು ನೀವು ಕೇಳಬಹುದು. ಏನು ಹೇಳಿ ಹೋಗುವುದು? ಮಗುವಿನ ಮೈಯೊಳಗೆ ಏನು ಸೇರಿತೋ ಅವಳಿಗೆ ಗೊತ್ತಿರಲಿಲ್ಲ. ಕ್ಯಾಡ್ಮಿಯಂ ಮನುಷ್ಯನ ಮೂತ್ರಪಿಂಡ ಹೊಕ್ಕರೆ ಹತ್ತಿಪ್ಪತ್ತು ವರ್ಷ ಅಲ್ಲೇ ಠಿಕಾಣಿ ಹೂಡುತ್ತದೆ ಎಂದು ಗೊತ್ತಿತ್ತು. ಅಂದು ಅಳೆದದ್ದು ಲಿವರ್ ಮಾತ್ರ, ಮಗು ತಿಂದದ್ದು ಮಾಂಸ. ಉತ್ತರ ಇದ್ದದ್ದು ಫ್ರೀಜರಿನ ಕೆಳಗಿನ ಖಾನೆಯಲ್ಲಿ. ಅದನ್ನು ತೆಗೆದು ನೋಡುವ ಧೈರ್ಯ ಎಂಟು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ, ಸತ್ಯ ಅಷ್ಟೇ. ಈಗ ಫ್ರೀಜರೇ ಕೂಗಿ ಕರೆದಿತ್ತು. ಶುಕ್ರವಾರ ಸುಟ್ಟರೆ ಆ ಉತ್ತರ ಇನ್ನೆಂದೂ ಸಿಗುವುದಿಲ್ಲ.

ಅವಳು ಯಂತ್ರದ ಕೋಣೆಗೆ ಹೋದಳು. ಅಲ್ಲಿದ್ದವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಒಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಉತ್ತರ ಕೊಡುವುದರಿಂದ ಬಂದ ಹೆಸರು. ಲೋಹ ಎಷ್ಟಿದೆ ಎಂದು ಅಳೆಯುವ ದೊಡ್ಡ ಯಂತ್ರ ಅವರ ಕೈಯಲ್ಲಿತ್ತು. ಅವಳ ಮಾತು ಪೂರ್ತಿ ಕೇಳಿ, ಅವರು ಎಂದೂ ಇಲ್ಲದಂತೆ ಎರಡೇ ವಾಕ್ಯ ಆಡಿದರು.

“ಊಟದ ಹೊತ್ತಲ್ಲಿ ಯಂತ್ರ ಖಾಲಿ ಇರತ್ತೆ. ನನ್ನನ್ನ ಯಾರೂ ಕೇಳಲ್ಲ.”

ಮಂಗಳವಾರದಿಂದ ಅವಳು ಊಟ ಬಿಟ್ಟಳು. ಹನ್ನೊಂದು ಕಟ್ಟಿನಿಂದಲೂ ಬೆನ್ನಿನ ಮಾಂಸದ ಒಂದು ಚೂರನ್ನು ಪಿಂಗಾಣಿ ಚಾಕುವಿನಿಂದ ಕತ್ತರಿಸಿದಳು. ಕಬ್ಬಿಣದ ಚಾಕು ತಾಕಿದರೆ ಅದರದೇ ಲೋಹ ಅಂಟುತ್ತದೆ. ಆಮ್ಲದಲ್ಲಿ ಕರಗಿಸಿ, ಅಳೆದು, ಪುಟ್ಟ ಸೀಸೆಗಳಿಗೆ ತುಂಬಿದಳು. ಹೋಲಿಕೆಗೆಂದು ಮಾಂಸವಿಲ್ಲದ, ಬರೀ ಆಮ್ಲದ ಒಂದು ಖಾಲಿ ಸೀಸೆಯನ್ನೂ ಇಟ್ಟಳು. ಗಡಿಯಾರ ಓಡುತ್ತಿತ್ತು. ಗುರುವಾರ ಮೇಷ್ಟ್ರು ಹಾಳೆ ಕೈಗಿತ್ತರು. ಹನ್ನೊಂದರಲ್ಲೂ ಕ್ಯಾಡ್ಮಿಯಂ ಇತ್ತು.

ಆಮೇಲಿನ ನಾಲ್ಕು ದಿನ ಅವಳು ಹೇಗೆ ಕಳೆದಳೋ ಅವಳಿಗೇ ತಿಳಿಯದು. ಶುಕ್ರವಾರ ಫ್ರೀಜರ್ ಖಾಲಿ ಮಾಡಿ, ಆ ಹನ್ನೊಂದು ಕಟ್ಟನ್ನು ಮಾತ್ರ ಹೊಸದರ ಮೂಲೆಯಲ್ಲಿ ತುರುಕಿದಳು. ಸುಡಲು ಕೊಡಲು ಮನಸ್ಸು ಬರಲಿಲ್ಲ. ಮನೆಗೆ ಬಂದು ದೀಪ ಹಾಕದೆ ಕೂತಳು. ಮಗುವಿನ ಬಾಯಿ, ಮೌನಿಯ ಬೆರಳು, ಆ ಬೆರಳಿನ ಚೂರು, ಅದರಲ್ಲಿ ಹಾಳೆಯ ಅಂಕಿ. ತಂಗಿ ಎದುರಿಗಿದ್ದಿದ್ದರೆ ಎರಡು ಬಾರಿಸುತ್ತಿದ್ದಳೇನೋ, ಬಾರಿಸಲಿ ಎನ್ನಿಸಿತು. ಬಾರಿಸಲಾದರೂ ಬಂದರೆ ಸಾಕು ಎನ್ನಿಸಿತು. ಇನ್ನು ಮುಂದೆ ಯಾವ ಮುಖ ಇಟ್ಟುಕೊಂಡು ಆಸೆಪಡುವುದು ಎಂದುಕೊಂಡರೂ ಆಸೆ ಹೋಗಲಿಲ್ಲ, ಇನ್ನೂ ಬಲವಾಗಿ ಕಾಡಿತು.

ಸೋಮವಾರ ಮೇಷ್ಟ್ರು ಬಾಗಿಲಲ್ಲೇ ಅವಳನ್ನು ತಡೆದರು. ಕೈಯಲ್ಲಿ ಅದೇ ಹಾಳೆ.

“ಎರಡು ರಾತ್ರಿ ನನಗೂ ನಿದ್ದೆ ಇಲ್ಲ. ಇದನ್ನ ನೋಡು. ಮೀನು ಬೇರೆ ಬೇರೆ, ವಾರ ಬೇರೆ ಬೇರೆ. ಒಂದು ಮೀನು ಗುಂಡಗೆ, ಒಂದು ಸಣಕಲು. ಅಂಕಿ ಮಾತ್ರ ಹನ್ನೊಂದೂ ಒಂದೇ ಅಚ್ಚಲ್ಲಿ ಹೊಯ್ದ ಹಾಗಿದೆ. ಮೀನು ಯಾವತ್ತಾದ್ರೂ ಹಾಗೆ ಒಗ್ಗಟ್ಟಾಗಿ ಇರುತ್ತವಾ? ನಮ್ಮ ಆಫೀಸಲ್ಲೇ ಹನ್ನೊಂದು ಜನ ಒಂದು ಮಾತು ಒಪ್ಪಲ್ಲ.”

“ಖಾಲಿ ಸೀಸೆ ಸೊನ್ನೆ ತೋರಿಸಿತ್ತಲ್ಲ ಮೇಷ್ಟ್ರೇ.”

“ಖಾಲಿ ಸೀಸೆಗೆ ಆಮ್ಲ ಹೇಗೆ ಹಾಕಿದೆ?”

ಅವಳು ನೆನಪು ಮಾಡಿಕೊಂಡಳು. ಹೊತ್ತಾಗಿತ್ತು ಎಂದು ಆಮ್ಲದ ಬಾಟಲಿಯಿಂದ ನೇರ ಸುರಿದಿದ್ದಳು. ಮಾಂಸದ ಸೀಸೆಗಳಿಗೆ ಮಾತ್ರ ಪಿಪೆಟ್ಟೆಂಬ ಹೀರುಗೊಳವೆಯಲ್ಲಿ ಎಳೆದು ಹಾಕಿದ್ದಳು.

“ಯಾವ ಟಿಪ್ ಹಾಕಿದ್ದೆ?”

ಟಿಪ್ ಎಂದರೆ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ, ಲೋಹದ ಕೆಲಸಕ್ಕೆ ಬಣ್ಣವಿಲ್ಲದ ಟಿಪ್ಪುಗಳನ್ನೇ ಬಳಸಬೇಕು. ಅವು ನಿರ್ದೇಶಕಿಯ ಬೀರುವಿನಲ್ಲಿದ್ದವು, ಕೇಳಿದರೆ ಯಾಕೆ ಎನ್ನುತ್ತಿದ್ದರು. ಅವಳು ಪಕ್ಕದ ಕೋಣೆಯಿಂದ ಒಂದು ಡಬ್ಬಿ ಹಳದಿ ಟಿಪ್ ತಂದಿದ್ದಳು. ಆ ಹಳದಿ ಬಣ್ಣದಲ್ಲೇ ಕ್ಯಾಡ್ಮಿಯಂ ಇರಬಹುದು, ಆಮ್ಲ ತಾಕಿದರೆ ಬಿಟ್ಟುಕೊಳ್ಳುತ್ತದೆ ಎಂದು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿಕೊಡುವವಳು ಅವಳು. ಹಳದಿ ಮುಟ್ಟಬೇಡಿ ಎಂದು ಗೋಡೆಗೆ ಅಂಟಿಸಿದ ಚೀಟಿಯೂ ಅವಳದೇ ಕೈಬರಹ. ಅದೇ ಚೀಟಿಯ ಕೆಳಗೆ ನಿಂತು ಹಳದಿ ಟಿಪ್ಪಿನಲ್ಲಿ ಅಳೆದಿದ್ದಳು.

“ಮೂವತ್ತು ಜನಕ್ಕೆ ಪಾಠ ಹೇಳಿದವಳು,” ಎಂದರು ಮೇಷ್ಟ್ರು. ಜೇಬಿನಿಂದ ಬಣ್ಣವಿಲ್ಲದ ಟಿಪ್ಪಿನ ಡಬ್ಬಿಯೊಂದನ್ನು ತೆಗೆದು ಅವಳ ಕೈಗಿಟ್ಟರು. ಬೀರುವಿನ ಕೀಲಿ ಅವರಿಗೆ ಹೇಗೆ ಸಿಕ್ಕಿತೆಂದು ಅವಳು ಕೇಳಲಿಲ್ಲ. “ಮತ್ತೆ ಮಾಡು. ಈ ಸಲ ಲಿವರನ್ನೂ ಕಾಲಂಗೆ ಹಾಕು. ಪೂರ್ತಿ ಕಥೆ ತಿಳೀಲಿ.”

ಕಾಲಂ ಎಂದರೆ ಆಳೆತ್ತರದ ಗಾಜಿನ ಕೊಳವೆ, ಒಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಮಣಿಗಳು. ಅರೆದು, ಗಿರಗಿರನೆ ತಿರುಗಿಸಿ, ತಿಳಿ ಮಾಡಿದ ಲಿವರಿನ ರಸವನ್ನು ಮೇಲೆ ಬಿಟ್ಟರೆ ಹನಿ ಹನಿಯಾಗಿ ಕೆಳಗಿಳಿಯುತ್ತದೆ. ದೊಡ್ಡ ಪ್ರೋಟೀನುಗಳು ಮಣಿಯ ರಂಧ್ರಗಳಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಸಂದಿಯಲ್ಲೇ ಜಾರಿ ಬೇಗ ಹೊರಬರುತ್ತವೆ. ಸಣ್ಣವು ಒಂದೊಂದು ಮಣಿಯ ಒಳಗೂ ಹೊಕ್ಕು ಹೊರಟು, ಸಂತೆಗೆ ಹೋದವರ ಹಾಗೆ ಎಲ್ಲ ಅಂಗಡಿ ಇಣುಕಿ ತಡವಾಗಿ ಬರುತ್ತವೆ. ಬಂದ ಹನಿಗಳನ್ನು ಸಾಲು ನಳಿಕೆಗಳಲ್ಲಿ ಹಿಡಿದು, ಯಾವ ನಳಿಕೆಯಲ್ಲಿ ಲೋಹವಿದೆ ಎಂದು ನೋಡಿದರೆ, ಮೀನು ಆ ಲೋಹವನ್ನು ಯಾರ ಕೈಗೆ ಕೊಟ್ಟಿತ್ತು ಎಂದು ತಿಳಿಯುತ್ತದೆ.

ಮೀನಿನ ಲಿವರಿನಲ್ಲಿ ಒಂದು ಪುಟ್ಟ ಪ್ರೋಟೀನಿದೆ. ಮೈತುಂಬ ಗಂಧಕದ ಕೈಗಳು, ಇಪ್ಪತ್ತು. ಬೇಡದ ಲೋಹ ಬಂತೆಂದರೆ ಆ ಕೈಗಳೆಲ್ಲ ಸೇರಿ ಹಿಡಿದುಕೊಂಡುಬಿಡುತ್ತವೆ. ಹಿಡಿದಿದ್ದು ಮೈಯ ಬೇರೆ ಕಡೆ ಹೋಗಿ ದಾಂಧಲೆ ಮಾಡುವುದಿಲ್ಲ. ಲೋಹ ಜಾಸ್ತಿ ಬಂದಷ್ಟೂ ಲಿವರು ಆ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಕೈಗಳು ಸಾಲದೆ ಹೋದರೆ ಮಾತ್ರ ಮಿಕ್ಕಿದ್ದು ಚೆಲ್ಲಿ ದೊಡ್ಡ ಪ್ರೋಟೀನುಗಳ ಮೇಲೆ ಬೀಳುತ್ತದೆ. ಇದನ್ನು ಅಕ್ಕ ಒಂದು ಕಾಲದಲ್ಲಿ ತಂಗಿಗೂ ಹೇಳಿದ್ದಳು. “ಹಿಡಿದಿದ್ದನ್ನ ಬಿಡೋದು ಯಾವಾಗ?” ಎಂದು ತಂಗಿ ಕೇಳಿದ್ದಳು. ಸುಲಭಕ್ಕೆ ಬಿಡಲ್ಲ ಎಂದಾಗ, “ಥೇಟ್ ನಿನ್ನ ಹಾಗೆ,” ಎಂದು ನಕ್ಕಿದ್ದಳು.

ಮೂರು ಮಧ್ಯಾಹ್ನ ಅವಳು ಆ ಗಾಜಿನ ಕೊಳವೆಯ ಪಕ್ಕ ಕೂತು ಹನಿ ಎಣಿಸಿದಳು. ಈ ಸಲ ಅವಸರ ಮಾಡಲಿಲ್ಲ. ಗುರುವಾರ ಮೇಷ್ಟ್ರು ಹಾಳೆಯನ್ನು ಅವಳ ಕೈಗೆ ಕೊಡುವ ಮೊದಲು ತಾವೇ ಓದಿ ಹೇಳಿದರು. ಮೊದಲ ನಳಿಕೆಗಳು, ಅಂದರೆ ದೊಡ್ಡ ಪ್ರೋಟೀನುಗಳು, ಹೆಚ್ಚುಕಡಿಮೆ ಖಾಲಿ. ಕ್ಯಾಡ್ಮಿಯಂ ಎಲ್ಲಾ ತಡವಾಗಿ ಬಂದ ಪುಟ್ಟ ಪ್ರೋಟೀನಿನ ಜೊತೆಯಲ್ಲೇ ಇತ್ತು, ಹನ್ನೊಂದನೇ ವಾರದ ಮೀನಿನಲ್ಲೂ. ಮಾಂಸದಲ್ಲಿ ಯಂತ್ರಕ್ಕೆ ಕಾಣುವಷ್ಟೂ ಇರಲಿಲ್ಲ.

“ಪಾದರಸ ಆಗಿದ್ರೆ ಬೇರೆ ಮಾತು, ಅದು ಮಾಂಸಕ್ಕೇ ಅಂಟಿಕೊಳ್ಳತ್ತೆ. ಇದು ಹಾಗಲ್ಲ. ಲಿವರು ಗಟ್ಟಿಯಾಗಿ ಹಿಡಿದಿಟ್ಟಿದೆ. ನಿನ್ನ ತಂಗಿ ಮನೇಲಿ ಲಿವರ್ ತಿಂತಿದ್ರಾ?”

“ಇಲ್ಲ. ಒಳಗಿಂದೆಲ್ಲಾ ತೆಗೆದು ಬೆಕ್ಕಿಗೆ ಹಾಕ್ತಿದ್ಲು.”

“ಹಾಗಾದ್ರೆ ಪಾಪ ಬೆಕ್ಕು,” ಎಂದರು ಮೇಷ್ಟ್ರು. ಅವಳು ನಗಲು ಹೋದಳು, ಅಳು ಬಂತು. ಅವರು ಯಂತ್ರದ ಕಡೆ ತಿರುಗಿ, ಇಲ್ಲದ ಧೂಳನ್ನು ಒರೆಸತೊಡಗಿದರು.

ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿದಳು. ಕೈಚೀಲದಲ್ಲಿ ನಾಲ್ಕು ಮಡಿಕೆಯ ಹಾಳೆ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ತಿದ್ದಿದಳು. ಮಾಂಸದಲ್ಲಿ ಏನೂ ಇರಲಿಲ್ಲ ಕಣೇ. ಅಲ್ಲ, ಕಣೇ ಬೇಡ, ಆ ಸಲಿಗೆ ಈಗ ಇಲ್ಲ. ಮಾಂಸದಲ್ಲಿ ಏನೂ ಇರಲಿಲ್ಲ, ಮಗು ತಿಂದದ್ದರಿಂದ ಏನೂ ಆಗಿಲ್ಲ. ಇದನ್ನು ಕೇಳಿದರೆ ಎಂಟು ವರ್ಷದ ಭಾರ ತಂಗಿಯ ತಲೆಯಿಂದ ಇಳಿಯುತ್ತದೆ. ಭಾರ ಇಳಿಸಿದವಳನ್ನು ಬಾಗಿಲಿನಿಂದಾಚೆ ಅಟ್ಟುವವರು ಯಾರಿದ್ದಾರೆ? ಹೀಗೆ ಅವಳು ತನ್ನಷ್ಟಕ್ಕೆ ತಾನೇ ವಾದ ಮಾಡಿ ತಾನೇ ಗೆಲ್ಲುತ್ತಿದ್ದಳು. ಹೊರಗೆ ಹೊಲ, ಗೋದಾಮು, ಪೆಟ್ರೋಲು ಬಂಕು ಹಿಂದೆ ಸರಿಯುತ್ತಿದ್ದವು, ಅವಳಿಗೆ ಒಂದೂ ಕಾಣಲಿಲ್ಲ.

ಚಿಕ್ಕಮ್ಮ ಕೊಟ್ಟ ವಿಳಾಸ ಮೂರನೇ ಬೀದಿಯ ಎರಡನೇ ಮಹಡಿ. ಬಾಗಿಲ ಮೇಲೆ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡಲಾಗುವುದು ಎಂಬ ರಟ್ಟಿನ ಹಲಗೆ. ಬಾಗಿಲು ತೆಗೆದದ್ದು ಹತ್ತು ವರ್ಷದ ಹುಡುಗಿ. ಬೆರಳಿಗೆಲ್ಲ ಶಾಯಿ, ಮೊಣಕಾಲಲ್ಲಿ ಒಣಗಿದ ಗಾಯ. ಗೋಡೆಯ ಮೇಲೆ ಅಂದಾಜು ಮಾಡಿದ್ದಕ್ಕಿಂತ ನಾಲ್ಕು ಬೆರಳು ಎತ್ತರವಿದ್ದಳು.

“ಯಾರು ಬೇಕಾಗಿತ್ತು?”

ಅಕ್ಕ ಹುಡುಗಿಯ ಕಣ್ಣಿನ ಬಿಳಿ, ಉಗುರಿನ ಬಣ್ಣ, ಪಾದದ ಊತ ನೋಡುತ್ತಿದ್ದಳು. ಮಾದರಿ ನೋಡಿದಂತೆ ನೋಡುತ್ತಿದ್ದೇನೆ ಎಂದು ಹೊಳೆದು ನಾಚಿಕೆಯಾಯಿತು.

“ಅಮ್ಮ ಇದಾರಾ ಪುಟ್ಟಿ?”

“ಅಮ್ಮಾ, ಯಾರೋ ಬಂದಿದಾರೆ,” ಎಂದು ಕೂಗಿ ಹುಡುಗಿ ಒಳಕೋಣೆಗೆ ಹೋದಳು.

ತಂಗಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಬಂದಳು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಅಕ್ಕ ಆ ಎಳೆಗಳನ್ನೇ ನೋಡಿದಳು. ತಾನಿಲ್ಲದಾಗ ಇವಳಿಗೂ ವಯಸ್ಸಾಗಿದೆ. ತಂಗಿ ಮುಖ ತಿರುಗಿಸಲಿಲ್ಲ. ಒಳಗೆ ಬಾ ಎನ್ನಲೂ ಇಲ್ಲ. ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಳು.

ಅಕ್ಕ ತಿದ್ದಿದ ವಾಕ್ಯವನ್ನು ಹೇಳಿದಳು. ಆ ವಾರಗಳ ಮೀನು ಎತ್ತಿಟ್ಟಿದ್ದು, ಈಗ ಪರೀಕ್ಷೆ ಮಾಡಿದ್ದು, ಮಾಂಸದಲ್ಲಿ ಏನೂ ಇಲ್ಲದ್ದು, ಎಲ್ಲ ಲಿವರಿನಲ್ಲೇ ಇದ್ದದ್ದು. ಹಾಳೆಯ ಮಡಿಕೆ ಬಿಚ್ಚಿ ಮುಂದೆ ಹಿಡಿದಳು. ತಂಗಿ ಹಾಳೆಯನ್ನು ಮುಟ್ಟಲಿಲ್ಲ.

“ಗೊತ್ತು,” ಎಂದಳು. “ಈ ಊರಿಗೆ ಬಂದ ವರ್ಷಾನೇ ಮಗೂಗೆ ರಕ್ತ, ಮೂತ್ರ ಎಲ್ಲಾ ನೋಡಿಸ್ದೆ. ಮೂರು ಸಲ. ಏನೂ ಇಲ್ಲ ಅಂದ್ರು. ಇವರಿಗೂ ಇಲ್ಲ, ನನಗೂ ಇಲ್ಲ.”

ಅಕ್ಕನ ಕೈಯಲ್ಲಿ ಹಾಳೆ ಹಾಗೇ ಇತ್ತು. ಎಂಟು ವರ್ಷ ಅವಳು ಹೊತ್ತು ತಿರುಗಿದ ಪ್ರಶ್ನೆಗೆ ಏಳು ವರ್ಷದ ಹಿಂದೆಯೇ ಈ ಮನೆಯಲ್ಲಿ ಉತ್ತರ ಸಿಕ್ಕಿಯಾಗಿತ್ತು.

“ನನಗೆ ಒಂದು ಮಾತು ಹೇಳ್ಲಿಲ್ವಲ್ಲ,” ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ತಂಗಿ ನಕ್ಕಳು, ಸದ್ದಿಲ್ಲದೆ. “ಹೇಳ್ಬೋದಿತ್ತು. ಮೂರು ಸಹಿ ಬಿದ್ದಿರ್ಲಿಲ್ಲ.”

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸುತ್ತ ಹೋದರು. ತಂಗಿ ಟೇಪನ್ನು ಕೊರಳಿನಿಂದ ತೆಗೆದು ಕೈಗೆ ಸುತ್ತಿಕೊಳ್ಳತೊಡಗಿದಳು.

“ಒಂದು ಕೇಳ್ತೀನಿ. ಮಾಂಸದಲ್ಲಿ ಏನೂ ಇಲ್ಲ ಅಂತ ಈಗ ಹೇಳ್ತಿದೀಯ. ನಿನ್ನ ತಟ್ಟೆಯಿಂದ ಮೀನು ಪಕ್ಕಕ್ಕೆ ತಳ್ತಿದ್ಯಲ್ಲ, ಆವತ್ತು ಗೊತ್ತಿತ್ತಾ?”

ಬಸ್ಸಿನ ಮೂರು ಗಂಟೆಯ ವಾದದಲ್ಲಿ ಈ ಪ್ರಶ್ನೆ ಇರಲಿಲ್ಲ. ನಿಯಮದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಗುಮಾಸ್ತನ ಮಾತೂ ಇತ್ತು. ಅಕ್ಕ ಹಾಳೆಯನ್ನು ಕೆಳಗಿಳಿಸಿದಳು.

“ಇಲ್ಲ. ಗೊತ್ತಿರ್ಲಿಲ್ಲ.”

ತಂಗಿಯ ಕೈ ಟೇಪು ಸುತ್ತುತ್ತಲೇ ಇತ್ತು.

“ವಿಷ ಇದೆ ಅಂದ್ಕೊಂಡೇ ಕೂತಿದ್ದೆ. ಅವಳ ಬಾಯಿಗೆ ಹೋಗೋದನ್ನ ನೋಡ್ತಾ ಕೂತಿದ್ದೆ. ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳ್ದೆ. ಕೆಲಸ ಹೋಗತ್ತೆ ಅಂತ ಹೆದರಿಕೆ, ಅಷ್ಟೇ. ಬೇರೆ ಏನೂ ಇಲ್ಲ. ನಾನು ತಿನ್ನಲಿಲ್ಲ, ನಿಮಗೆ ಹೇಳಲೂ ಇಲ್ಲ.”

ಹೇಳಿ ಮುಗಿಸಿ ಅವಳು ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಕ್ಷಮಿಸು ಎಂಬ ಮಾತನ್ನು ಅವಳು ಆಡಲಿಲ್ಲ, ಕೇಳುವ ಹಕ್ಕಿದೆಯೆಂದು ಅನ್ನಿಸಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಈ ಬಾಗಿಲು ಮುಚ್ಚುವ ಮೊದಲು ಆ ಮುಖವನ್ನು ಇನ್ನೊಂದು ಸ್ವಲ್ಪ ಹೊತ್ತು ನೋಡುವುದು. ತಂಗಿಯ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಗಲ್ಲ ಬಿಗಿದೇ ಇತ್ತು.

“ಅಮ್ಮಾ, ಯಾರದು?” ಒಳಗಿಂದ ಹುಡುಗಿ ಕೂಗಿದಳು.

ಟೇಪಿನ ಸುತ್ತು ಮುಗಿದಿತ್ತು, ತಂಗಿ ಅದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

“ನಿನ್ನ ದೊಡ್ಡಮ್ಮ,” ಎಂದಳು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ತಂಗಿ ಅಕ್ಕನ ಕಡೆ ನೋಡದೆ ಕೇಳಿದಳು, “ವಾಪಸ್ ಬಸ್ಸು ಎಷ್ಟೊತ್ತಿಗೆ?”

“ಐದೂವರೆಗೆ.”

ತಂಗಿ ಗೋಡೆಯ ಗಡಿಯಾರ ನೋಡಿದಳು. ಐದು ದಾಟಿ ಹತ್ತು ನಿಮಿಷವಾಗಿತ್ತು.

“ಏಳೂವರೆಗೆ ಇನ್ನೊಂದಿದೆ,” ಎಂದು ಹೇಳಿ, ಬಾಗಿಲನ್ನು ಹಾಗೇ ಬಿಟ್ಟು ಒಳಗೆ ನಡೆದಳು.